ಒಂದು ಹಿಡಿಗೆ ಸಿಗದ ಹೆರಳು

ದೇವಣಿಯ ಕುರಿಗಾರರ ಹುಡುಗಿ ಚಂದ್ರಭಾಗಾಳ ಗುಂಗುರುಗೂದಲು ಒದ್ದೆಯಿದ್ದಾಗ ಸೊಂಟ ಮುಟ್ಟುತ್ತದೆ, ಒಣಗಿತೋ, ಜಿಗಿದು ಹೆಗಲೇರಿ ಕೂರುತ್ತದೆ. ಉದಗೀರ ಸಂತೆಯ ಯಾವ ಬಾಚಣಿಗೆಯೂ ಅದರೊಳಗೆ ಹೊಕ್ಕು ಹಲ್ಲು ಉಳಿಸಿಕೊಂಡು ಬಂದಿಲ್ಲ. ಹಾಗಾಗಿ ಅಗಸೆ ಕುದಿಸಿದ ಲೋಳೆ ಹಚ್ಚಿ, ಬೆರಳಿನಿಂದಲೇ ಸಿಕ್ಕು ಬಿಡಿಸುತ್ತ ಅರ್ಧ ದಿನ ಅಂಗಳದಲ್ಲಿ ಕೂರುತ್ತಾಳೆ. "ಏ ಪೋರಿ, ಕುರಿ ಕತ್ರಿ ಜರಾ ನಿನ್ನ ತಲಿಗೂ ಹಚ್ಚ" ಎಂದು ನೆರೆಯವರು ನಕ್ಕರೆ, "ಒಂದ್ಸಲ ಹಚ್ಚ್ಯಾರ, ಸಾಕ್ರಿ!" ಎನ್ನುತ್ತಾಳೆ. ನಿಜಾಮನ ಕಾಲದ ರಜಾಕಾರರ ಹಾವಳಿಯಲ್ಲಿ ಅವ್ವ ಅಂಜನಾಬಾಯಿ ಅದೇ ಕತ್ತರಿಯಿಂದ ಮಗಳ ತಲೆಗೂದಲು ಸವರಿ, ಧೋತರ ಉಡಿಸಿ, ಮಗನೆಂದು ಹೇಳಿ ಕಾಪಾಡಿದ್ದಳು. ಪೋಲೀಸ್ ಆ್ಯಕ್ಷನ್ ಆಗಿ ಆ ಹಾವಳಿ ಮುಗಿದಂದಿನಿಂದ ಆ ತಲೆಗೆ ಕತ್ತರಿ ಸೋಕಿಲ್ಲ. ಈಗ ಹೆರಳು ಹಾಕುವಾಗಲೆಲ್ಲ ಅವ್ವ ಊರಿಗೆಲ್ಲ ಕೇಳುವಂತೆ ಗಂಡನನ್ನು ಕೂಗುತ್ತಾಳೆ: "ಬರ್ರಿ, ನೀವೂ ಹಿಡೀರಿ! ನಮ್ಮ ಹುಡುಗಿ ಕೂದ್ಲ ನನ್ನೊಬ್ಬಾಕಿ ಕೈಯಾಗ ಹಿಡಿಸಂಗಿಲ್ಲ!"