ಕುರಿ ಮೂತಿಗೆ ಸಮುದ್ರ

ನಮ್ಮ ಕುರಿ ರೊಪ್ಪದ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ಗಾಯಕ್ಕೆ ಹಚ್ಚುವ ಬೇವಿನೆಣ್ಣೆ, ಉಪ್ಪಿನ ಡಬ್ಬ, ಇವುಗಳ ಪಕ್ಕದಲ್ಲಿ ಒಂದು ನೀಲಿ ಸೀಸೆ. ಸೀಸೆ ಫಾರಿನ್ ಸೆಂಟಿನದು. ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳದವರಿಲ್ಲ. ಹೇಳುತ್ತೇನೆ. ಆದರೆ ಮೊದಲು ಸೆಂಟು ಹೇಗಿದೆ ಅಂತ ಹೇಳಿಬಿಡುತ್ತೇನೆ. ಕೊಳ್ಳಬೇಕು ಅನ್ನುವವರಿಗೆ ಬೇಕಾದ್ದು ಅಷ್ಟೇ, ಉಳಿದದ್ದು ನಮ್ಮ ಮನೆ ಸುದ್ದಿ.

ಹಾಕಿಕೊಂಡ ಕೂಡಲೇ ಎಳೇ ಸೌತೆಕಾಯಿ ಮುರಿದ ಹಾಗೆ ಇರುತ್ತದೆ. ಸ್ವಲ್ಪ ಹೊತ್ತಿಗೆ ನಿಂಬೆ ಸಿಪ್ಪೆ. ಬಿಸಿಲೇರಿ ಬೆವರು ಕೂಡಿದ ಮೇಲೆ, ಆಗಷ್ಟೇ ಹುಣಸೆಹಣ್ಣಿನಲ್ಲಿ ಬೆಳಗಿದ ಹಿತ್ತಾಳೆ ಚೊಂಬಿಗೆ ನೀರು ತುಂಬಿ ಮೂಗಿನ ಹತ್ತಿರ ಹಿಡಿದ ಹಾಗೆ. ಹೂವಿನ ಸೆಂಟುಗಳ ಹಾಗೆ ಎದುರಿಗಿದ್ದವರ ಮೇಲೆ ಬೀಳುವುದಿಲ್ಲ, ತಲೆ ನೋಯಿಸುವುದಿಲ್ಲ. ನಮ್ಮ ಶಿರಾ ಸೀಮೆಯ ಬಿಸಿಲಿಗೆ ಹೇಳಿ ಮಾಡಿಸಿದ್ದು. ಬಹಳ ಹೊತ್ತು ಇರುತ್ತದೆ. ಅದು ಗುಣವೋ ದೋಷವೋ, ಪೂರ್ತಿ ಓದಿ ನೀವೇ ಹೇಳಿ. ಸೆಂಟಿನ ಡಬ್ಬದ ಮೇಲೆ ಅಲೆಯ ಚಿತ್ರವಿದೆ. ನಾನು ಸಮುದ್ರ ನೋಡಿದವನಲ್ಲ, ಆದ್ದರಿಂದ ಸಮುದ್ರದ ಹಾಗೇ ಇದೆ ಅಂತ ಸುಳ್ಳು ಹೇಳಲಾರೆ.

ನೋಡಿದವನು ನಮ್ಮ ಭಾವ. ಅಕ್ಕನನ್ನು ಕೊಟ್ಟಿರುವುದು ಹೊಳವನಹಳ್ಳಿಗೆ. ಭಾವ ಲಾರಿ ಡ್ರೈವರು, ಮಂಗಳೂರಿನ ತನಕ ಹೋಗುತ್ತಾನೆ. ಸೀಸೆ ತಂದುಕೊಟ್ಟವನೂ ಅವನೇ. ನಾನು ಮೂಸಿ ನೋಡಿ, ಸಮುದ್ರ ಹೀಗಿರುತ್ತದಾ ಅಂದೆ. "ಇಂಗೆಲ್ಲಿರ್ತದ್ಲಾ? ಅಲ್ಲಿ ಬರೀ ಮೀನು ನಾತ. ಇದು ಮೀನು ತೆಗ್ದು ಸೋಸಿರೋ ಸಮುದ್ರ" ಅಂದ. ಶಿರಾದಲ್ಲಿ ಅತ್ತರು ಮಾರುವ ಖಾದರ್ ಭಾಯಿ ಬೇರೆ ಥರ ಹೇಳಿದ. ಮಣಿಕಟ್ಟಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ, ಇದು ನೀರಿನ ಜಾತಿದು ಭಾಯ್, ಮಜಾ ಇದೆ, ಬೇರು ಇಲ್ಲ ಅಂದ. ಅತ್ತರು ಅಂದರೆ ಗಂಧದ ಹಾಗೆ ಬೇರು ಬಿಡಬೇಕಂತೆ. ಇರಲಿ, ಅವನ ಅಂಗಡಿ ಅವನಿಗೆ.

ಕುರಿ ಕಾಯುವವನಿಗೆ ಸೆಂಟು ಯಾಕೆ ಬೇಕಾಯಿತು ಅಂದರೆ, ಒಂದು ಬಸ್ಸಿನಿಂದ. ಮಧುಗಿರಿಯಿಂದ ಶಿರಾಕ್ಕೆ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಸೆರಗು ಮೂಗಿಗೆ ಹಿಡಿದಳು, ಆಮೇಲೆ ಎದ್ದು ಹೋಗಿ ಮುಂದೆ ನಿಂತುಕೊಂಡಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇಳಿಯುವ ತನಕ ಆ ಖಾಲಿ ಸೀಟು ನನ್ನ ಪಕ್ಕದಲ್ಲಿ ಕೂತಿತ್ತು. ನಮ್ಮ ವಾಸನೆ ನಮಗೆ ಗೊತ್ತಾಗುವುದಿಲ್ಲ ನೋಡಿ. ಹುಟ್ಟಿದಾಗಿನಿಂದ ಮೂಗು ಅದರಲ್ಲೇ ಇದೆ, ಇನ್ನು ಅದನ್ನು ಬೇರೆ ಮಾಡಿ ಮೂಸುವುದು ಹೇಗೆ? ಈ ಕಥೆ ಕೇಳಿಯೇ ಭಾವ ಸೀಸೆ ತಂದದ್ದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ರೊಪ್ಪದ ಬಾಗಿಲಲ್ಲಿ ಒಂದು ಹಳೇ ಕಂಬಳಿ ನೇತುಹಾಕಿರುತ್ತೇವೆ. ಅದನ್ನು ಒಗೆಯುವುದಿಲ್ಲ. ಕುರಿ ಈಯುವಾಗ ಯಾರೇ ಒಳಗೆ ಹೋಗಲಿ, ಅದನ್ನು ಹೊದ್ದುಕೊಂಡೇ ಹೋಗಬೇಕು. ತಾಯಿ ಕುರಿ ಮರಿಯನ್ನು ಗುರುತು ಹಿಡಿಯುವುದು ಮೊದಲು ನೆಕ್ಕಿ, ಮೂಸಿ. ನಡುವೆ ಬೇರೆ ನಾತ ಬಂದರೆ ಗುರುತು ತಪ್ಪಿಹೋಗುತ್ತದೆ.

ಆವತ್ತು ಮಿಡಿಗೇಶಿಯಲ್ಲಿ ಗೆಳೆಯನ ಮದುವೆ. ಬೆಳಿಗ್ಗೆಯೇ ಹೊಸ ಅಂಗಿ ತೊಟ್ಟು, ಕತ್ತಿಗೆ, ಎದೆಗೆ, ಕೈಗೆಲ್ಲ ಸಮುದ್ರ ಹೊಡೆದುಕೊಂಡು ಹೊರಟಿದ್ದೆ. ರೊಪ್ಪದಲ್ಲಿ ಒಂದು ಚೊಚ್ಚಲ ಕುರಿ ಮರಿ ಹಾಕಿತ್ತು. ಮರಿಯ ಮೂಗಿನ ಮೇಲೆ ಪೊರೆ ಅಂಟಿಕೊಂಡು ಉಸಿರಿಗೆ ಒದ್ದಾಡುತ್ತಿತ್ತು. ಒಳಗೆ ಹೋದೆ. ಕಂಬಳಿ ಕಣ್ಣೆದುರೇ ಇತ್ತು, ಹೊದ್ದುಕೊಂಡರೆ ಸೆಂಟು ಹೋಗುತ್ತದೆ ಅಂತ ಹೊದೆಯಲಿಲ್ಲ. ಪೊರೆ ತೆಗೆದು, ಮರಿಯನ್ನು ಎದೆಗೆ ಒತ್ತಿಕೊಂಡು ಚೆನ್ನಾಗಿ ಉಜ್ಜಿ, ಉಸಿರು ಬಂದ ಮೇಲೆ ತಾಯಿಯ ಮುಂದೆ ಬಿಟ್ಟೆ.

ಕುರಿ ಮೂಸಿತು. ಹಿಂದೆ ಸರಿಯಿತು. ತಲೆ ತಗ್ಗಿಸಿ ಗುಮ್ಮಿತು.

ಅವ್ವ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ಬಂದಳು. ನನ್ನನ್ನು ಒಂದು ಸಲ ಮೂಸಿದಳು, ಮರಿಯನ್ನು ಒಂದು ಸಲ.

"ಕಂಬ್ಳಿ ಏನ್ ಕಚ್ತಿತ್ತೇನ್ಲಾ ನಿಂಗೆ? ಮದುವಣಗಿತ್ತಿ ಇದ್ದಂಗೆ ಗಮಗುಟ್ತಾ ಐತೆ ಮರಿ. ಅದು ಎಂಗ್ ಗುರ್ತು ಹಿಡೀತದೆ?"

ಈದ ಮೊದಲ ಹಾಲು, ಗಿಣ್ಣು, ಮರಿಯ ಹೊಟ್ಟೆಗೆ ಬೀಳದಿದ್ದರೆ ಸಂಜೆಯ ತನಕ ಉಳಿಯುವುದು ಕಷ್ಟ. ಒಂದಿಷ್ಟು ಕರೆದು ಬೆರಳಲ್ಲಿ ನೆಕ್ಕಿಸಿದೆವು. ಅದು ಆ ಹೊತ್ತಿಗಾಯಿತು. ತಾಯಿ ಬಿಟ್ಟ ಮರಿಯನ್ನು ಬೆರಳಲ್ಲಿ ಎಷ್ಟು ದಿನ ಬದುಕಿಸುತ್ತೀರಿ? ಬೆಚ್ಚಗಿನ ನೀರಲ್ಲಿ ತೊಳೆದೆವು. ಹೋಗಲಿಲ್ಲ. ದೊಡ್ಡ ಕಂಪನಿ, ಒಂದು ನೀರಿಗೆ ಹೋಗುವಂಥದ್ದು ಮಾಡುತ್ತದಾ? ಅವ್ವ ಮರಿಯ ಬೆನ್ನಿಗೆ ಉಪ್ಪು ಉದುರಿಸಿದಳು. ಉಪ್ಪಿಗೆ ಕುರಿ ಹತ್ತಿರ ಬಂತು, ನೆಕ್ಕಿತು, ಉಪ್ಪು ಮುಗಿದದ್ದೇ ತಿರುಗಿ ಗುಮ್ಮಿತು. ಮಿಡಿಗೇಶಿಯಿಂದ ಫೋನು ಬರುತ್ತಲೇ ಇತ್ತು, ಎತ್ತಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮರಿ ಅರಚುವುದನ್ನು ನಿಲ್ಲಿಸಿತು. ಅರಚುತ್ತಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಹೆದರಿಕೆ ಆಗ ಆಯಿತು.

ಗೋಡೆಗೆ ಒರಗಿ ಕೂತೆ. ಕುರಿ ಆ ಮೂಲೆಯಲ್ಲಿ ಮುಖ ತಿರುಗಿಸಿ ನಿಂತಿತ್ತು, ಬಸ್ಸಿನ ಆಕೆ ನಿಂತಿದ್ದ ಹಾಗೇ. ಇಲ್ಲಿ ಖಾಲಿ ಸೀಟಿನ ಪಕ್ಕ ಮಲಗಿದ್ದದ್ದು ಮರಿ. ಬಸ್ಸಿನಲ್ಲಿ ಕುರಿ ನಾತ ಅಂತ ನನ್ನನ್ನು ಬಿಟ್ಟರು, ರೊಪ್ಪದಲ್ಲಿ ಕುರಿ ನಾತ ಇಲ್ಲ ಅಂತ ಮರಿಯನ್ನು ಬಿಟ್ಟರು. ಹಾಗಾದರೆ ತಪ್ಪು ನಾತದ್ದಲ್ಲ. ಮೂಗಿಗೆ ತನ್ನದು ಅನ್ನಿಸದೆ ಇರುವುದೇ ತೊಂದರೆ. ತನ್ನದಾಗಿಬಿಟ್ಟರೆ ಆಮೇಲೆ ಅದು ಗೊತ್ತೇ ಆಗುವುದಿಲ್ಲ, ನನಗೆ ನನ್ನದು ಗೊತ್ತಾಗದ ಹಾಗೆ.

ಎದ್ದು ಹೋಗಿ ಸೀಸೆ ತಂದೆ. ಒಂದು ಬಟ್ಟೆ ತುಂಡಿಗೆ ಸೆಂಟು ಹಾಕಿಕೊಂಡು ಕುರಿಯನ್ನು ಹಿಡಿದೆ.

"ಮರಿ ಕೆಡ್ಸಿದ್ದು ಸಾಲ್ದಾ? ತಾಯಿನೂ ಕೆಡಿಸ್ತೀಯಾ?" ಅಂದಳು ಅವ್ವ.

"ಇಬ್ರೂ ಕೆಟ್ರೆ ಸರಿ ಹೋಯ್ತದೆ, ಇಡ್ಕೊಳವ್ವ."

ಹಿಡಿದುಕೊಂಡಳು. ಮೂಗಿನ ಹೊಳ್ಳೆಗೆ ತಾಕದ ಹಾಗೆ ಮೂತಿಯ ಮೇಲೆ, ಸುತ್ತ ಒರೆಸಿದೆ. ಕುರಿ ಸೀನಿತು, ತಲೆ ಕೊಡವಿತು. ನೆಲ ಮೂಸಿತು, ಗೋಡೆ ಮೂಸಿತು, ಅವ್ವನ ಸೀರೆ ಮೂಸಿತು. ಎಲ್ಲಿ ಮೂಸಿದರೂ ಸಮುದ್ರ. ಪಾಪ, ಅದಕ್ಕೂ ಸಾಕಾಗಿರಬೇಕು. ಅವ್ವ ಮರಿಯ ಮೇಲೆ ಇನ್ನೊಂದು ಹಿಡಿ ಉಪ್ಪು ಹಾಕಿದಳು. ಕುರಿ ಬಂದು ನೆಕ್ಕತೊಡಗಿತು. ಉಪ್ಪು ಮುಗಿಯಿತು. ಕುರಿ ನೆಕ್ಕುತ್ತಲೇ ಇತ್ತು.

ಆಮೇಲೆ ಗಂಟಲ ಒಳಗಿಂದ ಒಂದು ಸಣ್ಣ ದನಿ ಹೊರಡಿಸಿತು. ಈದ ಕುರಿ ತನ್ನ ಮರಿಗೆ ಮಾತ್ರ ಹಾಗೆ ಮಾತಾಡುತ್ತದೆ. ಮರಿಯನ್ನು ಎತ್ತಿ ಕೆಚ್ಚಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಅದರ ಬಾಲ ಅಲ್ಲಾಡಿತು. ಬಾಲ ಅಲ್ಲಾಡಿತು ಅಂದರೆ ಹಾಲು ಇಳಿಯಿತು ಅಂತ.

ಅವ್ವ ತನ್ನ ಅಂಗೈ ಮೂಸಿಕೊಂಡಳು. ಬೆಳಗಿನಿಂದ ಬೈದದ್ದನ್ನು ಮರೆತವಳ ಹಾಗೆ, "ಕೆರೆಗೆ ಹೊಸ ನೀರು ಬಂದಾಗ ಏರಿ ಮ್ಯಾಲೆ ನಿಂತ್ರೆ ಇಂಗೇ ಇರ್ತದೆ ಕಣ್ಲಾ" ಅಂದಳು. ಭಾವ, ಖಾದರ್ ಭಾಯಿ, ನಾನು, ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಕೆಲವು ದಿನಕ್ಕೆ ಸೆಂಟು ಹೋಯಿತು. ಅಷ್ಟರಲ್ಲಿ ಕುರಿಗೆ ಮರಿಯ ದನಿ ಗೊತ್ತಾಗಿತ್ತು, ಮೂಗಿನ ಕೆಲಸ ಮುಗಿದಿತ್ತು. ಮನಸ್ಸಿಗೆ ಹತ್ತಿದ ಮಾತೂ ಇದೇ. ಮೊದಲ ಗಳಿಗೆ ಮೂಗಿನದು, ಅದೊಂದು ದಾಟಿದರೆ ಉಳಿದದ್ದು ಪರಿಚಯದ್ದು. ಬಸ್ಸಿನ ಆಕೆಯ ಮೇಲೆ ನನಗೀಗ ಸಿಟ್ಟಿಲ್ಲ. ಅವಳಿಗೆ ಆ ಗಳಿಗೆ ದಾಟುವಷ್ಟು ದಾರಿ ಸಿಕ್ಕಿರಲಿಲ್ಲ, ಅಷ್ಟೇ. ಮರಿ ಈಗ ಬಲಿತು ಟಗರಾಗಿದೆ. ಹೆಸರು ಸಮುದ್ರ. ಸಮುದ್ರ ಹುರುಳಿ ಹೊಲಕ್ಕೆ ನುಗ್ತು ಅಂತ ಅವ್ವ ಕೂಗಿದರೆ ಹೊಸಬರು ಗಾಬರಿಯಾಗುತ್ತಾರೆ.

ಮೊನ್ನೆ ಗೌಡಗೆರೆಯಿಂದ ಒಬ್ಬರು ಹಿರಿಯರು ಬಂದಿದ್ದರು. ಅವರೂ ಕುರಿ ಕಾಯುವವರೇ, ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರೆ ನಮ್ಮಿಬ್ಬರಲ್ಲಿ ಯಾರೂ ಏಳುತ್ತಿರಲಿಲ್ಲ. ಅವರ ಮನೆಯಲ್ಲಿ ಒಂದು ಕುರಿ ಸತ್ತು ಮರಿ ತಬ್ಬಲಿಯಾಗಿತ್ತು, ಇನ್ನೊಂದು ಕುರಿ ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಸ್ವಲ್ಪ ನಾಚಿಕೊಂಡೇ ಕೇಳಿದರು. "ಅದೇನೋ ಸಮುದ್ರ ಮಡಗಿದೀಯಂತಲ್ಲಪ್ಪ. ಒಸಿ ಕೊಡು."

ಕುರಿ ಈಯುವ ಕಾಲ, ಕಂಬಳಿ ಹೊದ್ದುಕೊಂಡೇ ಒಳಗೆ ಹೋಗಿ, ಗೂಡಿನಿಂದ ಸೀಸೆ ತೆಗೆದು ಒಂದು ಬಟ್ಟೆ ತುಂಡಿಗೆ ಒಂದಿಷ್ಟು ಹಾಕಿಕೊಟ್ಟೆ. ಜೊತೆಗೆ ಒಂದು ಹಿಡಿ ಉಪ್ಪು ಹಾಕಿ ಅಂತಲೂ ಹೇಳಿದೆ.