ಹಿಂದಿನ ಮೈಕ್

ಮುಂದಿನ ತಿಂಗಳು ಮುಂಬೈಯಲ್ಲಿ ನಮ್ಮ ಅಕ್ಕಾರ ಎರಡು ಗಾಯನ ಕಾರ್ಯಕ್ರಮಗಳಿವೆ. ಅಕ್ಕಾರು ಎಂದರೆ ನನಗೆ ಸಂಗೀತ ಕಲಿಸುವವರು. ಎಂಟು ವರ್ಷಗಳಿಂದ ರವಿವಾರ ಬೆಳಿಗ್ಗೆ ರಾಯಬಾಗದಲ್ಲಿ ಬಸ್ಸು ಹಿಡಿದು ಚಿಕ್ಕೋಡಿಯ ಅವರ ಮನೆಗೆ ಹೋಗುತ್ತಿದ್ದೇನೆ. ಕಾರ್ಯಕ್ರಮಗಳಲ್ಲಿ ಅವರ ಹಿಂದೆ ಕುಳಿತು ತಂಬೂರಿ ಮೀಟುತ್ತೇನೆ. ಗುರು ಉಸಿರು ತೆಗೆದುಕೊಳ್ಳುವಾಗ ಹಿಂದೆ ಕುಳಿತ ಶಿಷ್ಯೆ ಒಂದೆರಡು ಆಲಾಪ ತುಂಬುವ ಪದ್ಧತಿಯಿದೆ. ನನಗೆ ಆ ಅವಕಾಶ ಮೊದಲ ಸಲ ಸಿಕ್ಕಿದ್ದು ಹೋದ ತಿಂಗಳು, ಪುಣೆಯಲ್ಲಿ.

"ಈ ಸಲ ನೀನೂ ಬಾಯಿ ಬಿಡಬೇಕ ನೋಡವಾ," ಎಂದಿದ್ದರು ಅಕ್ಕಾರು. ಮೂರು ವಾರ ಯಮನ್ ರಾಗವೊಂದನ್ನೇ ಹಾಡಿದೆ. ನೇರ ಪ್ರಸಾರವನ್ನು ಫೋನಿನಲ್ಲಿ ನೋಡಲು ಅವ್ವ ನೆರೆಮನೆಯ ಕಾಕುವನ್ನೂ ಕರೆದಿದ್ದಳು.

ಕಾರ್ಯಕ್ರಮಕ್ಕೆ ಮುಂಚೆ ಮೈಕ್ ಪರೀಕ್ಷಿಸುವಾಗ ನನ್ನ ಮುಂದೆಯೂ ಒಂದನ್ನು ಇಟ್ಟರು. "ಸಾ" ಎಂದೆ. ಖಾಲಿ ಸಭಾಗೃಹದ ಕೊನೆಯ ಸಾಲಿನಿಂದ ನನ್ನ ಧ್ವನಿ ತಿರುಗಿ ಬಂತು. ಅಕ್ಕಾರು ತಲೆ ಎತ್ತಿ ಸೌಂಡಿನವನಿಗೆ ಮರಾಠಿಯಲ್ಲಿ ಹೇಳಿದರು: "ಮಾಗಚಾ ಮೈಕ್ ಬಂದ್ ಠೇವಾ." ಹಿಂದಿನ ಮೈಕ್ ಬಂದ್ ಇಡಿ. ಮೆಲ್ಲಗೆ ಹೇಳಲಿಲ್ಲ. ನನಗೆ ಮರಾಠಿ ಬರುತ್ತದೆಂದು ಅವರಿಗೆ ಗೊತ್ತು. ನಮ್ಮ ಕಡೆ ಬಾರದವರು ಯಾರು?

ಎರಡು ತಾಸು ಬಂದ್ ಇದ್ದ ಮೈಕಿನ ಮುಂದೆ ಹಾಡಿದೆ. ಅವರು ನಡುನಡುವೆ ಹಿಂದೆ ತಿರುಗಿ, ಹಾಡು ಎನ್ನುವಂತೆ ನನ್ನತ್ತ ಕೈ ಮಾಡುತ್ತಿದ್ದರು. ಶಿಷ್ಯೆಯನ್ನು ಮುಂದೆ ತರುವ ಗುರುವನ್ನು ಕಂಡು ಮುಂದಿನ ಸಾಲಿನವರು ತಲೆದೂಗಿದರು.

"ನಿನ್ ಬಾಯಿ ಆಡಾಕತ್ತಿತ್ತು, ಧ್ವನೀನ ಬರಲಿಲ್ಲಲ್ಲ," ಎಂದಳು ಅವ್ವ, ನಾನು ಊರಿಗೆ ಮರಳಿದಾಗ. "ಫೋನ್ ಕೆಟ್ಟೈತೇನ ಅಂತ ಕಾಕು ಎರಡ ಸಲ ಬಡದ್ಲು."

ಕೆಟ್ಟಿರಬೇಕು ಎಂದೆ.

ಹೋದ ರವಿವಾರ ಅಕ್ಕಾರು ಮುಂಬೈಗೆ ತಯಾರಾಗು ಎಂದರು.

"ನನ್ ಮೈಕ್ ಚಾಲೂ ಇರ್ತೈತೇನ್ರಿ ಅಕ್ಕಾರ?"

ತಂಬೂರಿಯ ತಂತಿ ಬಿಗಿಯುತ್ತಿದ್ದ ಅವರ ಕೈ ನಿಂತಿತು. "ನಾ ನಮ್ಮ ಗುರುಗಳ ಹಿಂದ ಹನ್ನೆರಡ ವರ್ಷ ಕುಂತೇನಿ. ಒಂದ ದಿನಾ ಹಿಂಗ ಕೇಳಿಲ್ಲ."

"ನಿಮ್ಮ ಮುಂದ ಮೈಕ್ ಇಟ್ಟಿದ್ರೇನ್ರಿ?"

"ಇಲ್ಲ."

"ಹಂಗಾರ ನಿಮ್ಮ ಗುರುಗಳ ಬೇಶ್ ಬಿಡ್ರಿ. ಸುಳ್ಳ ಸುಳ್ಳ ಮೈಕ್ ಇಟ್ಟಿರಲಿಲ್ಲ."

ಅವರು ಸಿಟ್ಟಾಗಲಿಲ್ಲ. "ಬರೂದಿದ್ರ ಬಾ. ಇಲ್ಲಂದ್ರ ತಂಬೂರಿಗೆ ನಿಪ್ಪಾಣಿ ಹುಡುಗಿ ಅದಾಳ," ಎಂದು ಮತ್ತೆ ತಂತಿಗೆ ಕೈ ಹಾಕಿದರು.

ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ತಂಬೂರಿ ಒಂದು ಕ್ಷಣವೂ ನಿಲ್ಲದಂತೆ ಮೀಟುತ್ತೇನೆ. ಅವರು ತಿರುಗಿ ಕೈ ಮಾಡಿದಾಗ ಮಾತ್ರ ಬಾಯಿ ತೆರೆಯುವುದಿಲ್ಲ. ಆ ಕೈಯನ್ನು ಎಷ್ಟು ಹೊತ್ತು ಹಾಗೆಯೇ ಹಿಡಿದಿರುತ್ತಾರೋ, ಮುಂದಿನ ಸಾಲಿನವರು ನೋಡಲಿ.