ಬೆಳಿಗ್ಗೆ ಫೋನ್ ಬಂದಿತ್ತು

ಶ್ರೀಧರಣ್ಣ, ಅವತ್ತು ಬೆಳಿಗ್ಗೆ ನೀವು ಫೋನ್ ಮಾಡಿದ್ದಿರಿ. ಎತ್ತಿದವಳು ನಾನು. ಫೋನೇ ಬರಲಿಲ್ಲ ಎಂದು ನಿಮ್ಮ ತಂಗಿಗೆ ಸುಳ್ಳು ಹೇಳಿದವಳೂ ನಾನೇ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೀಣಾಳ ಕಣ್ಣಿನಲ್ಲಿ ನೀವು ಸುಳ್ಳುಗಾರರಾಗಿ ಉಳಿದಿರಿ — ನಾನು ಆಪ್ತ ಗೆಳತಿಯಾಗಿ ಉಳಿದೆ.

ಆ ದಿನ ಏನು ನಡೆಯಿತೆಂಬುದು ನಿಮಗೆ ಪೂರ್ತಿ ಗೊತ್ತಿಲ್ಲ. ವೀಣಾ ಮತ್ತು ನಾನು ಸ್ಯಾನ್ ಹೋಸೆಯಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು ಎಂ.ಎಸ್. ಓದುತ್ತಿದ್ದ ಕಾಲ. ಡಾಟ್‌ಕಾಮ್‌ನ ಅಬ್ಬರ — ಊರೆಲ್ಲ ಸ್ಟಾರ್ಟಪ್ಪು, ಷೇರು ಎನ್ನುತ್ತಿತ್ತು. ನಮಗೆ ಕ್ಲಾಸು, ಲ್ಯಾಬು, ವಾರಕ್ಕೊಮ್ಮೆ ಗ್ರೋಸರಿ. ಬಂದು ವರ್ಷವಾಗುತ್ತ ಬಂದರೂ ಒಂದು ಗಂಟೆ ದಾರಿಯ ಸ್ಯಾನ್ ಫ್ರಾನ್ಸಿಸ್ಕೋವನ್ನು ನೋಡಿರಲಿಲ್ಲ. ಕೊನೆಗೆ ನಮ್ಮ ಸಹಪಾಠಿ ಪ್ರಸಾದ್ ಫಾಸ್ಟರ್ ಸಿಟಿಯಲ್ಲಿದ್ದ ತನ್ನ ಭಾವನ ಕಾರನ್ನು ಒಂದು ಶನಿವಾರದ ಮಟ್ಟಿಗೆ ಕೇಳಿ ತಂದ.

ವೀಣಾ ಪುಳಿಯೋಗರೆ ಡಬ್ಬಿ ಹಿಡಿದು ಆಗಲೇ ಕೆಳಗಿಳಿದಿದ್ದಳು. ನಾನು ಬೀಗ ಹಾಕುವಷ್ಟರಲ್ಲಿ ಫೋನ್ ರಿಂಗಾಯಿತು.

"ನಾನು ವೀಣಾ ಅಣ್ಣ, ಹಾಸನದಿಂದ. ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀವಿ. ನಾಳೆ ಬೆಳಿಗ್ಗೆ ಆಪರೇಷನ್. ಅವಳ ಹತ್ರ ಮಾತಾಡ್ಬೇಕು ಅಂತಿದಾರೆ. ಈ ನಂಬರಿಗೆ ತಕ್ಷಣ ಮಾಡೋಕೆ ಹೇಳ್ತೀರಾ?"

"ಹೇಳ್ತೀನಿ" ಎಂದೆ. ನಂಬರು ಬರೆದುಕೊಂಡೆ. ಮೆಟ್ಟಿಲಿಳಿಯುವಾಗಲೂ ಹೇಳಬೇಕೆಂದೇ ಇದ್ದೆ — ಇದ್ದೆನೇ? ಕೆಳಗೆ ವೀಣಾ ಕಾರಿನ ಕಿಟಕಿಯಿಂದ ಕೈ ಬೀಸಿದಳು. ಸಂಜೆ ಹೇಳಿದರಾಯಿತು, ಹಾಸನದಲ್ಲಿ ಆಗಿನ್ನೂ ಬೆಳಗಾಗುತ್ತಿರುತ್ತದೆ, ಆಪರೇಷನ್ನಿಗೆ ಮೊದಲೇ ಮಾತಾಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಹೇಳಿದರೆ ಅವಳು ಬರುವುದಿಲ್ಲ, ಟ್ರಿಪ್ಪು ನಿಲ್ಲುತ್ತದೆ. ನನಗೆ ಹೋಗಬೇಕಿತ್ತು.

ಹೋದೆವು. ಬೀದಿಯ ಹಳಿಯ ಮೇಲೆ ಓಡುವ ಕೇಬಲ್ ಕಾರಿನ ಹೊರಗಂಬಿಗೆ ಜೋತುಬಿದ್ದು ಗುಡ್ಡದ ಬೀದಿಗಳನ್ನು ಹತ್ತಿ ಇಳಿದೆವು. ಬೇಸಿಗೆಯೆಂದು ತೆಳ್ಳಗಿನ ಬಟ್ಟೆ ಹಾಕಿ ಹೋಗಿ, ಮಂಜು ಕವಿದಾಗ ಮೂವರೂ ಗಡಗಡ ನಡುಗಿದೆವು. ವೀಣಾ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಧ್ಯಾಹ್ನ ಕಡಲ ದಂಡೆಯಲ್ಲಿ, ಕಡಲ ಸಿಂಹಗಳು ಹಲಗೆಗಳ ಮೇಲೆ ಬಿದ್ದುಕೊಂಡು ಅರಚುವ ಜಾಗದಲ್ಲಿ, ಅವಳ ಕಣ್ಣಿಗೆ ಒಂದು ಪೇ-ಫೋನ್ ಬಿತ್ತು. ಪರ್ಸಿನಿಂದ ಕಾಲಿಂಗ್ ಕಾರ್ಡು ತೆಗೆದಳು.

"ಅಪ್ಪಂಗೆ ಇಲ್ಲಿಂದ್ಲೇ ಫೋನ್ ಮಾಡ್ಲೇನೇ? ಇವುಗಳ ಗಲಾಟೆ ಕೇಳಿಸ್ತೀನಿ."

ನಂಬರು ಬರೆದ ಚೀಟಿ ನನ್ನ ಚೀಲದಲ್ಲೇ ಇತ್ತು, ಅಣ್ಣ. "ಈಗ ಅಲ್ಲಿ ಮಧ್ಯರಾತ್ರಿ ಕಣೇ. ಮಲಗಿರ್ತಾರೆ" ಎಂದೆ. ಅವಳು ಕಾರ್ಡನ್ನು ಒಳಗಿಟ್ಟುಕೊಂಡಳು.

ಬೆಳಗಿನ ತಪ್ಪನ್ನು ಮರೆವು ಎಂದು ಸಾಧಿಸಬಹುದಿತ್ತೇನೋ. ಇದನ್ನು — ಏನೆಂದು ಕರೆಯಲಿ?

ಫ್ರೀವೇಯಲ್ಲಿ ಆ್ಯಕ್ಸಿಡೆಂಟ್ ಆಗಿತ್ತು, ಮನೆ ಸೇರುವಾಗ ರಾತ್ರಿ ಎಂಟೂವರೆ — ಹಾಸನದಲ್ಲಿ ಬೆಳಿಗ್ಗೆ ಒಂಬತ್ತು. ಬಾಗಿಲು ತೆಗೆಯುವಾಗಲೇ ಫೋನ್ ಬಡಿದುಕೊಳ್ಳುತ್ತಿತ್ತು. ನಡುವೆ ಎಷ್ಟು ಸಲ ಮಾಡಿದ್ದಿರೋ — ನಮ್ಮ ಮನೆಯಲ್ಲಿ ಆನ್ಸರಿಂಗ್ ಮೆಷಿನ್ನೂ ಇರಲಿಲ್ಲ. ಈ ಸಲ ವೀಣಾಳೇ ಎತ್ತಿದಳು. ಅಪ್ಪನನ್ನು ಆಗಲೇ ಆಪರೇಷನ್ ಥಿಯೇಟರಿನ ಒಳಗೆ ಕರೆದುಕೊಂಡು ಹೋಗಿದ್ದರು. ರಿಸೀವರನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದಳು. ಮುಖ ಬಿಳಚಿಕೊಂಡಿತ್ತು.

"ಬೆಳಿಗ್ಗೆ ಫೋನ್ ಬಂದಿತ್ತೇನೇ? ಅಣ್ಣ ಹೇಳ್ತಿದಾನೆ, ನಿನ್ ಹತ್ರ ಹೇಳಿದ್ನಂತೆ."

"ಇಲ್ಲ."

ಒಂದೇ ಮಾತು. ಎಷ್ಟು ಸಲೀಸಾಗಿ ಬಂತು — ಇವತ್ತಿಗೂ ಅದನ್ನು ನೆನೆದರೆ ಭಯವಾಗುತ್ತದೆ.

ನಿಮ್ಮ ತಂದೆ ಉಳಿದುಕೊಂಡರು. ಆಮೇಲೆ ಒಂಬತ್ತು ವರ್ಷ ಬಾಳಿದರು. ಆ ನೆಮ್ಮದಿಯ ಮರೆಯಲ್ಲಿ ನಾನು ಅಡಗಿಕೊಂಡೆ. ಆದರೆ ಮೂರು ವಾರದ ಮೇಲೆ ಅವರು ಫೋನಿನಲ್ಲಿ, "ಅವತ್ತು ನಿನ್ನ ದನಿ ಕೇಳ್ಬೇಕು ಅನ್ನಿಸಿತ್ತಮ್ಮ" ಎಂದಾಗ ವೀಣಾ ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ತನಗೆ ತಿಳಿಸುವುದನ್ನು ಮರೆತ, ಮರೆತದ್ದನ್ನು ಮುಚ್ಚಿಕೊಳ್ಳಲು ತನ್ನ ಗೆಳತಿಯ ಮೇಲೆ ಹಾಕಿದ — ಅವಳ ಮನಸ್ಸಿನಲ್ಲಿ ಅದು ಹಾಗೆಯೇ ಕೂತುಬಿಟ್ಟಿತು. ಊರಿಗೆ ಹೋದರೆ ನೀವಿರುವ ಮನೆ ಬಿಟ್ಟು ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದಳು. ಅವಳ ಮದುವೆಯಲ್ಲಿ ನೀವು ಚಪ್ಪರದ ಆಚೆ, ದೂರದ ನೆಂಟರ ಹಾಗೆ ನಿಂತಿದ್ದಿರಿ. ನಿಮ್ಮ ಕಣ್ಣಿಗೆ ಬೀಳದಂತೆ ನಾನು ಊಟದ ಕಡೆ ಹೋಗಿಬಿಟ್ಟೆ.

ಹೋದ ಭಾನುವಾರ ಮಾರ್ಗನ್ ಹಿಲ್‌ನ ಅವಳ ಮನೆಯಲ್ಲಿದ್ದೆ. ಮಗಳು ಸಿಂಧುವಿನ ಕಾಲೇಜು ಮುಗಿದ ಖುಷಿಗೆ ಯಾರನ್ನೆಲ್ಲ ಕರೆಯಬೇಕೆಂದು ಪಟ್ಟಿ ಬರೆಯುತ್ತಿದ್ದೆವು. "ವೈ ನಾಟ್ ಮಾಮಾ, ಅಮ್ಮಾ?" ಎಂದು ಸಿಂಧು ಕೇಳಿದಳು. ವೀಣಾ ತಲೆಯೆತ್ತದೆ ಹೇಳಿದಳು: "ಒಂದು ಸುಳ್ಳು ಒಪ್ಕೊಳ್ಳೋಕೆ ಇಷ್ಟು ವರ್ಷ ಸಾಲಲಿಲ್ಲ ಅವನಿಗೆ."

ಸಿಂಧು ಎದ್ದು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ. ಚೀಟಿ, ಪೇ-ಫೋನ್, ಎಲ್ಲ.

ವೀಣಾ ಬರೆಯುತ್ತಿದ್ದ ಪಟ್ಟಿಯನ್ನು ಮಡಚಿಟ್ಟಳು. "ಇಷ್ಟು ವರ್ಷ ನನ್ನ ಮನೇಲಿ ಊಟ ಮಾಡಿದೀಯಲ್ಲೇ" ಎಂದಳು. ಎದ್ದು ಬಾಗಿಲು ತೆರೆದು, "ಈಗ ಹೋಗು."

ಪ್ಲೆಸೆಂಟನ್‌ನ ನನ್ನ ಮನೆಗೆ ಒಬ್ಬಳೇ ಕಾರು ಓಡಿಸಿಕೊಂಡು ಬಂದೆ. ಅವಳನ್ನು ಕಳೆದುಕೊಂಡೆನೆಂದೇ ತಿಳಿದಿದ್ದೆ. ಆದರೂ — ಹೇಳಲು ನಾಚಿಕೆಯಾಗುತ್ತದೆ — ಹಗುರಾಗಿದ್ದೆ. ಎಷ್ಟೋ ವರ್ಷಗಳ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡ ಹಾಗೆ.

ಮೂರನೆಯ ದಿನ ಅವಳೇ ಫೋನ್ ಮಾಡಿದಳು. "ಅಣ್ಣನ ಹತ್ರ ಮಾತಾಡ್ದೆ, ಎರಡು ಗಂಟೆ. ಇಬ್ರೂ ಅತ್ವಿ. ಸಿಂಧು ಪಾರ್ಟಿಗೆ ಅವನು ಬರ್ತಿದಾನೆ. ನಿನ್ ಮೇಲೆ ಸಿಟ್ಟು ಹೋಗಿಲ್ಲ. ಆದ್ರೂ ನೀನೂ ಬಾ."

ಬರುತ್ತೇನೆ, ಶ್ರೀಧರಣ್ಣ. ಆಗ ನನಗಿನ್ನೂ ಇಪ್ಪತ್ಮೂರು ವರ್ಷ, ಆ ಊರು ನೋಡುವ ಆಸೆಯಿತ್ತು ಎಂದೆಲ್ಲ ನಿಮ್ಮ ಮುಂದೆ ಹೇಳುವುದಿಲ್ಲ. ನೀವು ಕ್ಷಮಿಸಬೇಕೆಂದೂ ಕೇಳುವುದಿಲ್ಲ. ನಿಮ್ಮನ್ನು ಸುಳ್ಳುಗಾರರೆಂದು ಕೇಳುತ್ತಲೇ ಬೆಳೆದ ಸಿಂಧುವನ್ನು ಎದುರಿಗೆ ಕೂರಿಸಿಕೊಂಡು, ಫೋನ್ ಎತ್ತಿದವಳು ನಾನು ಎಂದು ಹೇಳುತ್ತೇನೆ — ಕನ್ನಡದಲ್ಲಿ ಒಮ್ಮೆ, ಅವಳಿಗೆ ಒಂದು ಮಾತೂ ತಪ್ಪಿಹೋಗದ ಹಾಗೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ.